ನಾಯಿಯ ಅಂಗಾಲಿನ ಗಾಯ: ಪ್ರಥಮ ಚಿಕಿತ್ಸೆ ಹಾಗೂ ಆರೈಕೆ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಕಾವಲಿಗೆ ಸಾಕುವ ನಾಯಿಗಳ ಅಂಗಾಲಿಗೆ ಮುರಕಲ್ಲಿನ ಅಂಚು, ಮುಳ್ಳುತಂತಿ, ಒಡೆದ ಬಾಟಲಿಯ ಚೂರು ಮುಂತಾದವುಗಳಿಂದ ಗಾಯಗಳಾಗುವುದು ಸಾಮಾನ್ಯ. ಬೇಸಿಗೆಯಲ್ಲಿ ಕಾದ ಡಾಂಬರು ರಸ್ತೆಯಿಂದ ಸುಟ್ಟ ಗಾಯಗಳೂ ಆಗುತ್ತವೆ.

ನಾಯಿಯ ಪ್ರತಿ ಪಾದದಲ್ಲಿ ಬೆರಳುಗಳ ಕೆಳಗೆ ನಾಲ್ಕು ಮೆತ್ತೆಗಳೂ ನಡುವೆ ಒಂದು ದೊಡ್ಡ ಮೆತ್ತೆಯೂ ಇರುತ್ತವೆ. ದಪ್ಪ ಚರ್ಮದ ಒಳಗೆ ಕೊಬ್ಬಿನ ಪದರ ಹಾಗೂ ರಕ್ತನಾಳಗಳಿರುವುದರಿಂದ ಚಿಕ್ಕ ಸೀಳಿನಿಂದಲೂ ಬಹಳ ರಕ್ತ ಹರಿಯುತ್ತದೆ. ಪ್ರತಿ ಹೆಜ್ಜೆಗೂ ದೇಹದ ಭಾರ ಬಿದ್ದು ಸೀಳಿನ ಅಂಚುಗಳು ಅಗಲುವುದರಿಂದ ಗಾಯ ಮಾಯುವುದು ನಿಧಾನ.

ಪ್ರಥಮ ಚಿಕಿತ್ಸೆ

ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚಬಹುದಾದುದರಿಂದ ಮೊದಲು ಮೃದುವಾದ ಬಟ್ಟೆಯಿಂದ ಬಾಯಿ ಕಟ್ಟತಕ್ಕದ್ದು. ವಾಂತಿ ಅಥವಾ ಏದುಸಿರು ಇದ್ದಲ್ಲಿ ಕಟ್ಟಬಾರದು. ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಆ ಭಾಗವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ವಿಳಂಬವಿಲ್ಲದೆ ಆಸ್ಪತ್ರೆಗೆ ತೆರಳಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕಾಣತಕ್ಕದ್ದು.

ರಕ್ತ ಸುರಿಯುತ್ತಿದ್ದಲ್ಲಿ ಶುಭ್ರ ಬಟ್ಟೆಯನ್ನು 5ರಿಂದ 10 ನಿಮಿಷ ಒತ್ತಿ ಹಿಡಿಯಬೇಕು. ನಡುನಡುವೆ ಎತ್ತಿ ನೋಡಬಾರದು. ಬಳಿಕ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಬೆರೆಸಿ ಗಾಯವನ್ನು ತೊಳೆಯಬೇಕು. ಮೇಲ್ಗಡೆ ಕಾಣುವ ಮುಳ್ಳನ್ನು ತೆಗೆಯಬಹುದು. ಆಳಕ್ಕೆ ಹೊಕ್ಕ ಗಾಜು ಅಥವಾ ತಂತಿಯನ್ನು ಎಳೆಯಬಾರದು. ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ಬೆರೆಸಿ ಬಳಸಬಹುದು. ಸುಟ್ಟ ಗಾಯಕ್ಕೆ ತಣ್ಣೀರು ಹರಿಸಬೇಕೇ ಹೊರತು ಮಂಜುಗಡ್ಡೆ ಇಡಬಾರದು.

ಹಾನಿಯಾಗುವುದು ಅನೇಕ ವೇಳೆ ಗಾಯಕ್ಕಿಂತಲೂ ಮನೆಮದ್ದಿನಿಂದ. ವೀಳ್ಯದ ಹರಿವಾಣದಲ್ಲಿ ಕೈಗೆ ಸಿಗುವ ಸುಣ್ಣ, ಹೊಗೆಸೊಪ್ಪುಗಳನ್ನು ಗಾಯಕ್ಕೆ ತುಂಬುವುದು ಸರಿಯಲ್ಲ. ಸುಣ್ಣ ಚರ್ಮವನ್ನು ಸುಡುತ್ತದೆ. ನಾಯಿ ಗಾಯ ನೆಕ್ಕುವುದನ್ನು ಬಿಡದು. ಹೊಗೆಸೊಪ್ಪಿನ ನಿಕೋಟಿನ್ ಹೊಟ್ಟೆಗೆ ಹೋದರೆ ವಿಷ. ಸೀಮೆಎಣ್ಣೆ, ನುಸಿಗುಳಿಗೆಯ ಪುಡಿ ಸಹ ಅಪಾಯಕಾರಿ. ಮನುಷ್ಯರ ಜ್ವರ, ನೋವಿನ ಮಾತ್ರೆಗಳಾದ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಇತ್ಯಾದಿಗಳನ್ನು ಪಶುವೈದ್ಯರ ಸಲಹೆಯಿಲ್ಲದೆ ಕೊಡಲೇಬಾರದು.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ, ತೋಟಗಳು ಒದ್ದೆಯಾಗಿರುವುದರಿಂದ ಗಾಯವನ್ನು ಒಣಗಿಸಿಡುವುದೇ ಕಷ್ಟ. ಬೆರಳುಗಳ ನಡುವೆ ಹತ್ತಿಯಿಟ್ಟು, ಬ್ಯಾಂಡೇಜನ್ನು ಹಗುರವಾಗಿ ಸುತ್ತಬೇಕು. ನಡುವಿನ ಎರಡು ಬೆರಳುಗಳ ತುದಿ ಹೊರಗೆ ಕಾಣುತ್ತಿರಲಿ; ಅವು ಊದಿಕೊಂಡರೆ ಅಥವಾ ತಣ್ಣಗಾದರೆ ಬ್ಯಾಂಡೇಜು ಬಿಗಿಯಾಗಿದೆಯೆಂದು ತಿಳಿದು ಕೂಡಲೇ ಬಿಚ್ಚಬೇಕು. ಹೊರಗೆ ಬಿಡುವಾಗ ಮಾತ್ರ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಬಂದೊಡನೆ ತೆಗೆಯಬೇಕು. ಒದ್ದೆಯಾದ ಬ್ಯಾಂಡೇಜನ್ನು ಹಾಗೆಯೇ ಬಿಡುವುದಕ್ಕಿಂತ ಬ್ಯಾಂಡೇಜು ಇಲ್ಲದಿರುವುದೇ ಲೇಸು. ಕೊಟ್ಟಿಗೆಯ ಸೆಗಣಿ, ಗಂಜಲದ ನೆಲದಲ್ಲಿ ಕಟ್ಟದೆ, ಜಗಲಿಯಲ್ಲಿ ಒಣ ಗೋಣಿಚೀಲ ಹಾಸಿ ಮಲಗಿಸುವುದು.

ನಿಂತ ನೀರು, ಕೆಸರಿನಲ್ಲಿರುವ ಇಲಿಜ್ವರದ ರೋಗಾಣುಗಳು ಗಾಯದ ಮೂಲಕ ನಾಯಿಯ ದೇಹವನ್ನು ಸೇರಬಲ್ಲವು. ಸೋಂಕಿತ ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡಬಲ್ಲವು. ಆದುದರಿಂದ ಆರೈಕೆ ಮಾಡುವವರು ಕೈಗವಸು ಧರಿಸತಕ್ಕದ್ದು. ಇಲಿಜ್ವರ ಹಾಗೂ ರೇಬೀಸ್ ವಿರುದ್ಧದ ಲಸಿಕೆಗಳನ್ನು ನಾಯಿಗೆ ಕಾಲಕಾಲಕ್ಕೆ ಹಾಕಿಸಿರಬೇಕು.

ತರಚು ಗಾಯಗಳು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನಗಳಲ್ಲಿ ಮಾಯುತ್ತವೆ. ಆಳವಾದ ಸೀಳಿಗೆ ಹೊಲಿಗೆ ಬೇಕಾಗಬಹುದಾದುದರಿಂದ ಅದೇ ದಿನ, ಸಾಧ್ಯವಾದಷ್ಟು ಬೇಗ ಪಶು ಆಸ್ಪತ್ರೆಗೆ ಒಯ್ಯಬೇಕು. ರಕ್ತ ನಿಲ್ಲದಿದ್ದಲ್ಲಿ, ಕೀವು, ದುರ್ವಾಸನೆ ಅಥವಾ ಹುಳು ಕಂಡುಬಂದಲ್ಲಿ, ನಾಯಿ ಕಾಲೂರದಿದ್ದಲ್ಲಿ ಸಮೀಪದ ಸರ್ಕಾರಿ ಪಶುವೈದ್ಯ ಸಂಸ್ಥೆಯನ್ನು ಕೂಡಲೇ ಸಂಪರ್ಕಿಸುವುದು.