ಎರಡೂವರೆ ಅಡಿ ಹಳಿ, ಲಾತೂರಿನ ಪ್ಯಾಟಿ

ಈ ವಾರ ತೊಗರಿ ಸುದ್ದಿ ಬದಿಗಿಟ್ಟು ರೈಲಿನ ಸುದ್ದಿ ಬರೀತೀನಿ.

ಅಣ್ಣನ ಮಗ ಶಾಲಿ ಪ್ರದರ್ಶನಕ್ಕಂತ ಥರ್ಮಾಕೋಲ್ ಮ್ಯಾಲೆ ಬಾರ್ಶಿ ಲೈಟ್ ರೈಲ್ವೆ ಮಾದರಿ ಮಾಡಾಕತ್ತಾನ. "ಕಾಕಾ, ಐವತ್ತರಾಗ ಒಂದು ಪಾಲು ಅಳತಿ ಹಿಡದ್ರ ಹಳಿ ನಡುವೆ ಒಂದೂವರೆ ಸೆಂಟಿಮೀಟರ್ ಸಾಕು" ಅಂದ. ಹಂಗ ಪೂರ್ತಿ ಮಾಡಿದ್ರ ಕುರ್ಡುವಾಡಿಯಿಂದ ಬಾರ್ಶಿತನಕ 21 ಮೈಲಿಗೆ 670 ಮೀಟರಿಗಿಂತ ಉದ್ದದ ಹಲಗಿ ಬೇಕು! ಅದಕ್ಕ ಎರಡು ಸ್ಟೇಷನ್, ಒಂದು ಹತ್ತಿ ಜಿನ್ನು, ಒಂದು ಗೋದಾಮು ಇಟ್ಟು ಮುಗಿಸ್ಯಾನ.

ನಮ್ಮ ಕಲಬುರಗಿ ಮ್ಯಾಲಿನ ಮುಂಬೈ–ಮದ್ರಾಸ್ ದೊಡ್ಡ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿತು. ಆದ್ರ ಹಳಿಯಿಂದ ದೂರ ಇದ್ದ ಊರುಗಳಿಗೆ ಎತ್ತಿನ ಬಂಡಿಯೇ ಗತಿ. ಬಾರ್ಶಿ ಹತ್ತಿ, ಕಾಳುಕಡಿ ಪ್ಯಾಟಿಯದೂ ಅದೇ ಪಾಡು.

ಎವೆರಾರ್ಡ್ ಕ್ಯಾಲ್ತ್ರಾಪ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಬೇರೆ ಲೆಕ್ಕ ಹಾಕಿದ. ಹಳಿ ಅಗಲ ಬರೇ ಎರಡೂವರೆ ಅಡಿ. ಎಂಜಿನ್ ಇರಲಿ, ಡಬ್ಬಿ ಇರಲಿ, ಒಂದು ಅಚ್ಚಿನ ಮ್ಯಾಲೆ 5 ಟನ್‌ಗಿಂತ ಹೆಚ್ಚು ಭಾರ ಬೀಳಬಾರದು. ಎರಿ ಹೊಲದಾಗ ಎರಡು ಗಾಲಿ ಟ್ರಾಲಿಗಿಂತ ನಾಕು ಗಾಲಿಯದು ಕಮ್ಮಿ ಹುಗಿತದಲ್ಲ, ಅದೇ ಮಾತು. ಭಾರ ಹಂಚಿದ್ರ ಸಣ್ಣ ಹಳಿ ಸಾಕು, ಖರ್ಚೂ ಕಮ್ಮಿ. ಗಾಡಿಗಳನ್ನು ಹಡಗಿಗೆ ಹೇರೋ ಮೊದಲು ಇಂಗ್ಲೆಂಡಿನ ಲೀಡ್ಸ್ ಹತ್ತಿರ ತಿರುವು, ಏರು ಇರೋ ಹಳಿ ಹಾಕಿ ಓಡಿಸಿ ತೋರಿಸಿದ. ಅದೂ ಒಂದು ಮಾದರಿನೇ, ಪೂರ್ತಿ ಅಳತೆಯದ್ದು.

1897ರಲ್ಲಿ ರೈಲು ಬಾರ್ಶಿಗೆ ಬಂತು, 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, 1927ರಲ್ಲಿ ಮೀರಜಕ್ಕೆ. ಒಟ್ಟು ಸುಮಾರು 325 ಕಿ.ಮೀ. ಆಗ ಲಾತೂರೂ ನಮ್ಮ ಆಳಂದದಂಗ ನಿಜಾಮರ ರಾಜ್ಯದಾಗೇ ಇತ್ತು. ಅಲ್ಲಿಗೆ ಹಳಿ ಹೋಯ್ತು, ಆಳಂದಕ್ಕೆ ಬರಲಿಲ್ಲ. ರೈಲು ಒಂದರಿಂದಲೇ ಲಾತೂರು ದೊಡ್ಡ ಪ್ಯಾಟಿ ಆಯ್ತು ಅನ್ನಂಗಿಲ್ಲ. ಆದ್ರ ಇವತ್ತು ನಾವು ತೊಗರಿ, ಸೋಯಾ ಹೇರಿಕೊಂಡು ಅಲ್ಲಿಗೆ ಹೊಂಟೀವಿ, ಬಾಡಗಿ ನಮ್ಮ ಕಿಸೆದ್ದು.

1954ರಲ್ಲಿ ಈ ರೈಲು ಸರ್ಕಾರದ್ದಾಯ್ತು, ಆಮ್ಯಾಲೆ ದೊಡ್ಡ ಹಳಿ ಆಯ್ತು. 2016ರ ಏಪ್ರಿಲ್ ನೆನಪದ ಏನು? ಬರದಾಗ ಒಣಗಿದ ಲಾತೂರಿಗೆ ಮೀರಜದಿಂದ ನೀರಿನ ರೈಲು ಹೋಯ್ತು. ಮೊದಲ ಸಲ 10 ಟ್ಯಾಂಕರ್, ಸುಮಾರು 5 ಲಕ್ಷ ಲೀಟರ್. ಬಂದ ದಾರಿ ಬಹುಪಾಲು ಆ ಹಳೇ ಬಾರ್ಶಿ ರೈಲಿನದೇ. ಹತ್ತಿ ಒಯ್ಯಾಕಂತ ಹಾಕಿದ ದಾರಿ ನೂರು ವರ್ಷದ ಮ್ಯಾಲೆ ನೀರು ತಂತು.

"ಇದರಾಗ ನಮ್ಮ ಆಳಂದ ಎಲ್ಲೈತಿ?" ಅಂತ ಹುಡುಗನ್ನ ಕೇಳಿದೆ. "ಅಲ್ಲಿ ತನಕ ಹಲಗಿಲ್ಲ ಕಾಕಾ" ಅಂದ.

ಆಳಂದ ಮ್ಯಾಲಿಂದ ಲಾತೂರಿಗೆ ರೈಲು ಬೇಕು ಅನ್ನೋದು ಹಳೇ ಬೇಡಿಕೆ. ಕೇಳೋವಾಗ ಬರೇ ಪ್ಯಾಸೆಂಜರ್ ಗಾಡಿ ಕೇಳೋದು ಬ್ಯಾಡ. ಮಾಲು ಹೇರಾಕ ಗೂಡ್ಸ್ ಶೆಡ್ಡೂ ಕೇಳೋಣ. ನಿಮ್ಮ ಮನಿ ಹಿರಿಯರು ಯಾರಾದ್ರೂ ಆ ಸಣ್ಣ ರೈಲು ಹತ್ತಿದ್ರ ಬರೀರಿ, ಹುಡುಗನಿಗೆ ಓದಿ ಹೇಳ್ತೀನಿ.