ಕಾವಲಿನ ನೆಲ

ಸೈಬೀರಿಯ, ಅಲಾಸ್ಕಗಳಲ್ಲಿ ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ನೆಲ ಭೂತಾಪದಿಂದ ಕರಗುತ್ತಿದೆ. ಅಡಿಯ ಮಂಜುಗಡ್ಡೆ ನೀರಾಗಿ ಮಣ್ಣು ಕುಸಿದಲ್ಲಿ ಕಾಡಿನ ಮರಗಳು ಅಡ್ಡಾದಿಡ್ಡಿ ವಾಲುತ್ತವೆ. ಮಣ್ಣಿನಲ್ಲಿ ಹುದುಗಿದ್ದ ಇಂಗಾಲ ಗಾಳಿ ಸೇರುತ್ತದೆ. ಹಿಮವನ್ನೇ ಕಾಣದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಇದರ ನಂಟೇನೆಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಿಯಾರು. ನಮ್ಮ ಹುಲ್ಲುಗಾವಲಿನ ಸಂಪತ್ತೂ ನೆಲದಡಿಯಲ್ಲೇ ಇದೆ. ಮಳೆ ಕೈಕೊಟ್ಟ ವರ್ಷ ಒಣಗಿದಂತೆ ಕಾಣುವ ಹುಲ್ಲು ಬೇರಿನಲ್ಲಿ ಜೀವ ಹಿಡಿದಿರುತ್ತದೆ. ಅದು ಕೂಡಿಟ್ಟ ಇಂಗಾಲದ ಬಹುಪಾಲು ಮಣ್ಣಿನಲ್ಲಿರುತ್ತದೆ. ಇಂಥ ಭೂಮಿಯನ್ನು ಬಂಜರೆನ್ನುವುದು ಅಜ್ಞಾನವೇ ಸರಿ.

ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರಿತ್ತವನು ಟಿಪ್ಪು ಸುಲ್ತಾನ. ಆ ದನಗಳ ಮೇವಿಗೆ ಮೀಸಲಾದವೇ ಅಮೃತಮಹಲ್ ಕಾವಲುಗಳು. ಫಿರಂಗಿ ಎಳೆಯುವಲ್ಲಿ ಹೆಸರಾದ ಈ ಎತ್ತುಗಳನ್ನು 1799ರ ನಂತರ ಆಂಗ್ಲರ ಸೈನ್ಯವೂ ನೆಚ್ಚಿತು. ಅರಸರು, ಆಂಗ್ಲರು ಹೋದರೂ ಕಾವಲು ಉಳಿಯಿತು. ಕೃಷ್ಣಮೃಗಗಳು, ಕುರಿಮಂದೆಗಳು, ಮ್ಯಾಸಬೇಡರ ದೇವರ ಎತ್ತುಗಳು ಅದನ್ನೇ ನಂಬಿ ಬದುಕಿದವು. ಕುರಿಯಿದ್ದಲ್ಲಿ ಕಂಬಳಿ, ಎಷ್ಟೋ ಮನೆಗಳ ಒಲೆ ಉರಿದದ್ದು ಹೀಗೆ.

2009ರಿಂದೀಚೆಗೆ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಶೋಧನೆ ಮೊದಲಾದವುಗಳ ಪಾಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೇ 1,500 ಎಕರೆ. ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ವಿಜ್ಞಾನ ಬೇಡವೆಂದು ನಾನೆನ್ನುವುದಿಲ್ಲ. ಆದರೆ ಬೇಲಿ ಹಾಕುವ ಮುನ್ನ ಮೇಯಿಸುವವರನ್ನು ಕೇಳಬೇಕಿತ್ತು. ಈಗ ಬರಗಾಲ ಬಂದರೆ ದೇವರ ಎತ್ತುಗಳ ಮೇವಿಗಾಗಿ ಕಿಲಾರಿಗಳು ದಾನಿಗಳ ಮೊರೆಹೋಗುತ್ತಾರೆ.