ಕಾಗದದ ಮೌನ: ಮನೆಯ ಹೊಲಿಗೆಯ ಹಳೆಯ ಮಾದರಿಗಳ ಚರಿತ್ರೆ

ಉಡುಪಿನ ಚರಿತ್ರೆಯನ್ನು ಬರೆದ ವಿದ್ವಾಂಸರು ಬಹುಮಟ್ಟಿಗೆ ಅರಸರ ಹಾಗೂ ಧನಿಕರ ಭಾವಚಿತ್ರಗಳನ್ನೂ, ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ ರಕ್ಷಿತವಾಗಿರುವ ಉತ್ಸವವಸ್ತ್ರಗಳನ್ನೂ ಆಧಾರವಾಗಿಟ್ಟುಕೊಂಡಿರುವುದು ಸಹಜವೇ ಆಗಿದೆ. ಏಕೆಂದರೆ ಸಾಮಾನ್ಯ ಗೃಹಿಣಿಯೊಬ್ಬಳು ಮನೆಯಲ್ಲಿಯೇ ಕತ್ತರಿಸಿ, ಹೊಲಿದು, ತೊಟ್ಟು, ಬಣ್ಣ ಮಾಸಿದ ಮೇಲೆ ಬಿಚ್ಚಿ ಮಗುವಿಗೆ ಅಂಗಿ ಮಾಡಿ, ಕಟ್ಟಕಡೆಗೆ ಒರಸುಬಟ್ಟೆಯಾಗಿ ಸವೆಯಿಸಿದ ಉಡುಪು ಯಾವ ಸಂಗ್ರಹಾಲಯವನ್ನೂ ಸೇರಲಾರದು. ಆದರೆ ಯೂರೋಪು ಅಮೆರಿಕಗಳಲ್ಲಿ, 19ನೆಯ ಶತಮಾನದ ಮಧ್ಯಭಾಗದಿಂದ ಈಚೆಗೆ, ಆ ಉಡುಪು ನಶಿಸಿಹೋದರೂ ಅದನ್ನು ಕತ್ತರಿಸಲು ಬಳಸಿದ ಕಾಗದದ ಮಾದರಿಯು, ಹೊಲಿಗೆಯವರು ಪ್ಯಾಟರ್ನ್ ಎಂದು ಕರೆಯುವ ತೆಳುಹಾಳೆಗಳ ಕಟ್ಟು, ಎಷ್ಟೋ ಮನೆಗಳ ಅಟ್ಟಗಳಲ್ಲಿ ಉಳಿದುಬಂದಿದೆ. ಈ ಹಾಳೆಗಳು ಏನನ್ನು ಹೇಳುತ್ತವೆಯೋ ಅದಕ್ಕಿಂತ ಹೆಚ್ಚಾಗಿ ಏನನ್ನು ಹೇಳದೆ ಬಿಡುತ್ತವೆಯೋ ಅದೇ ಚರಿತ್ರಕಾರನಿಗೆ ಅಮೂಲ್ಯವಾದುದೆಂಬುದೂ, ಆ ಮೌನವನ್ನು ಓದಲು ಕೈಯಲ್ಲಿ ಸೂಜಿ ಹಿಡಿದು ಅದೇ ಉಡುಪನ್ನು ಮತ್ತೆ ಹೊಲಿಯುವುದಕ್ಕಿಂತ ಉತ್ತಮವಾದ ಮಾರ್ಗವಿಲ್ಲವೆಂಬುದೂ ಪ್ರಸ್ತುತ ಲೇಖನದ ಪ್ರತಿಪಾದ್ಯ.

ಮಾದರಿಯು ಮನೆಯೊಳಕ್ಕೆ ಬರುವುದಕ್ಕೆ ಮುಂಚೆ ಅದು ದರ್ಜಿಯ ಗುಪ್ತಧನವಾಗಿತ್ತು. ಸ್ಪೇನಿನ ಹ್ವಾನ್ ದೆ ಅಲ್ಸೆಗಾ 1580ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಅಚ್ಚು ಹಾಕಿಸಿದ ಗ್ರಂಥವನ್ನು ನೋಡಿದರೆ, ಅಲ್ಲಿರುವ ರೇಖಾಚಿತ್ರಗಳೆಲ್ಲ ದೊರೆತ ಬಟ್ಟೆಯ ಮೇಲೆ ತುಂಡುಗಳನ್ನು ಹೇಗೆ ಒತ್ತೊತ್ತಾಗಿ ಹೊಂದಿಸಿ ವ್ಯರ್ಥವಾಗದಂತೆ ಕತ್ತರಿಸಬೇಕೆಂಬ ಒಂದೇ ಚಿಂತೆಯಿಂದ ಹುಟ್ಟಿದುವೆಂಬುದು ಸ್ಪಷ್ಟವಾಗುತ್ತದೆ. ಕೂಲಿಗಿಂತ ಬಟ್ಟೆಯೇ ದುಬಾರಿಯಾಗಿದ್ದ ಕಾಲದ ವಿವೇಕವದು. ಆ ಪುಸ್ತಕ ಕುಶಲಿಯಾದ ದರ್ಜಿಗಾಗಿ ರಚಿತವಾದುದೇ ಹೊರತು ಕಲಿಯುವವನಿಗಾಗಿ ಅಲ್ಲ. ಪ್ಯಾರಿಸಿನಲ್ಲಿ 1675ರವರೆಗೆ ಸ್ತ್ರೀಯರ ಮೇಲುಡುಪನ್ನು ಹೊಲಿಯುವ ಅಧಿಕಾರ ಸಹ ಪುರುಷ ದರ್ಜಿಗಳ ಶ್ರೇಣಿಗೇ ಸೇರಿದ್ದು, ಆ ವರ್ಷ ಹದಿನಾಲ್ಕನೆಯ ಲೂಯಿ ಹೊಲಿಗೆಯ ಹೆಂಗಸರಿಗೆ ಪ್ರತ್ಯೇಕ ಶ್ರೇಣಿಯನ್ನು ಮಂಜೂರು ಮಾಡಿದ ಮೇಲೆಯೇ ಅವರಿಗೆ ಸೀಮಿತವಾದ ಹಕ್ಕು ದೊರೆಯಿತು. ಅಂಗುಲಗಳನ್ನು ಗುರುತಿಸಿದ ಅಳತೆಯ ಟೇಪು ಇನ್ನೂ ಬಳಕೆಗೆ ಬಾರದಿದ್ದುದರಿಂದ ದರ್ಜಿಯು ಗಿರಾಕಿಯ ಮೈಗೆ ಕಾಗದದ ಪಟ್ಟಿಯೊಂದನ್ನು ಸುತ್ತಿ, ಎದೆಗೆ ಇಷ್ಟು, ನಡುವಿಗೆ ಇಷ್ಟು ಎಂದು ಅಂಚಿನಲ್ಲಿ ಕಚ್ಚು ಹಾಕಿಕೊಳ್ಳುತ್ತಿದ್ದನು. ಆ ಕಚ್ಚುಗಳ ಅರ್ಥ ಅವನಿಗೆ ಮಾತ್ರ ತಿಳಿಯುತ್ತಿತ್ತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿ 1769ರಲ್ಲಿ ಗಾರ್ಸೋ ಎಂಬಾತ ದರ್ಜಿಯ ಕಲೆಯನ್ನು ಸಚಿತ್ರವಾಗಿ ಪ್ರಕಟಿಸಿದ ಕಾಲಕ್ಕೆ ಈ ಗುಟ್ಟಿನ ಬಾಗಿಲು ಅರ್ಧ ತೆರೆಯಿತು.

ಪೂರ್ತಿ ತೆರೆಯಲು ಇನ್ನೊಂದು ದಿಕ್ಕಿನಿಂದ ಪ್ರೇರಣೆ ಬರಬೇಕಾಯಿತು. ಬಡವರಿಗೆ ಬಟ್ಟೆ ಹೊಲಿದು ಹಂಚುವ ದಾನಶೀಲ ಮಹಿಳೆಯರಿಗಾಗಿ 1789ರಲ್ಲಿ ಲಂಡನ್ನಿನಲ್ಲಿ ಒಂದು ಕೈಪಿಡಿ ಪ್ರಕಟವಾಯಿತು. 1838ರಲ್ಲಿ ‘ದಿ ವರ್ಕ್‌ವುಮನ್ಸ್ ಗೈಡ್’ ಎಂಬ ಗ್ರಂಥ, ಕರ್ತೃವಿನ ಹೆಸರಿಲ್ಲದೆ ‘ಓರ್ವ ಮಹಿಳೆ’ ಎಂಬ ಅಂಕಿತದಿಂದ ಹೊರಬಂದಿತು. ಇಂದು ಈ ಪುಸ್ತಕವನ್ನು ಮುಂದಿಟ್ಟುಕೊಂಡು ಹೊಲಿಯಲು ಕುಳಿತವರಿಗೆ ಎದುರಾಗುವ ಮೊದಲ ತೊಡಕು ಅದರ ಮಾನ: ಅಳತೆಗಳೆಲ್ಲ ‘ನೇಲ್’ ಎಂಬ, ಗಜದ ಹದಿನಾರನೆಯ ಒಂದು ಭಾಗವಾದ, ಎಂದರೆ 2¼ ಅಂಗುಲದ ಲೆಕ್ಕದಲ್ಲಿವೆ. ಒಳಂಗಿ, ಟೋಪಿ, ಕೂಸಿನ ಬಟ್ಟೆ ಮೊದಲಾದುವು ಬಹುಪಾಲು ಚೌಕ ಆಯತಗಳಿಂದಲೇ ಆಗುತ್ತಿದ್ದುದರಿಂದ ಈ ಸ್ಥೂಲವಾದ ಮಾನವೇ ಅವರಿಗೆ ಸಾಕಾಗುತ್ತಿತ್ತೆಂಬುದು ಹೊಲಿದು ನೋಡಿದಾಗ ಮನವರಿಕೆಯಾಗುತ್ತದೆ.

ಅನಂತರದ ಕಾಲು ಶತಮಾನ ಮಾಸಪತ್ರಿಕೆಗಳದು. ಫಿಲಡೆಲ್ಫಿಯದ ‘ಗೋಡೀಸ್ ಲೇಡೀಸ್ ಬುಕ್’ 1850ರ ದಶಕದಲ್ಲಿ ಅಂಗೈಯಗಲದ ನಕ್ಷೆಗಳನ್ನು ಅಚ್ಚು ಮಾಡಿ, ಅವನ್ನು ನಿಜವಾದ ಗಾತ್ರಕ್ಕೆ ಹಿಗ್ಗಿಸುವ ಹೊಣೆಯನ್ನು ಓದುಗಿತ್ತಿಗೇ ಬಿಟ್ಟಿತು. ಬರ್ಲಿನ್ನಿನ ‘ಡೆರ್ ಬಜಾರ್’ ಪತ್ರಿಕೆಯನ್ನು ಅನುಸರಿಸಿ 1867ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಹಾರ್ಪರ್ಸ್ ಬಜಾರ್’ ಪೂರ್ಣಗಾತ್ರದ ನಕ್ಷೆಗಳನ್ನೇ ಕೊಟ್ಟಿತಾದರೂ, ಕಾಗದದ ಮಿತವ್ಯಯಕ್ಕಾಗಿ ಹತ್ತಾರು ಉಡುಪುಗಳ ತುಂಡುಗಳನ್ನು ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಹಾಯುವಂತೆ, ಚುಕ್ಕೆ, ಗೀಟು, ಅಡ್ಡಗೆರೆಗಳ ಭೇದದಿಂದ ಮಾತ್ರ ಬೇರ್ಪಡಿಸಿ ಮುದ್ರಿಸಿತು; ಆ ಜಾಲದೊಳಗಿಂದ ಒಂದು ತೋಳಿನ ರೇಖೆಯನ್ನು ಹಿಡಿದು ಕಡೆಯವರೆಗೆ ಹೋಗುವುದು ಬಿಡಿಸಲು ಬಾರದ ರಂಗೋಲಿಯಲ್ಲಿ ಎಳೆ ಹುಡುಕಿದಂತೆ. ನ್ಯೂಯಾರ್ಕಿನ ಎಲೆನ್ ಲೂಯಿಸ್ ಡೆಮರೆಸ್ಟ್ ಮತ್ತು ಆಕೆಯ ಪತಿ 1860ರಿಂದ ತಮ್ಮದೇ ಪತ್ರಿಕೆಯ ಮೂಲಕ ತೆಳುಕಾಗದದಲ್ಲಿ ಕತ್ತರಿಸಿದ ಮಾದರಿಗಳನ್ನು ಹರಡಿದರು. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಅಳತೆಯವು.

ಒಂದೇ ಉಡುಪನ್ನು ಹಲವು ಅಳತೆಗಳಲ್ಲಿ, ಒಂದೊಂದು ಅಳತೆಗೂ ಬೇರೆಯೇ ಮಾದರಿಯಾಗಿ ಮಾರಬಹುದೆಂಬ ಉಪಾಯವನ್ನು ವ್ಯಾಪಾರವಾಗಿ ನೆಲೆಗೊಳಿಸಿದವನು ಮ್ಯಾಸಚೂಸೆಟ್ಸಿನ ಸ್ಟರ್ಲಿಂಗ್ ಗ್ರಾಮದ ದರ್ಜಿ ಎಬೆನೀಜರ್ ಬಟರಿಕ್. 1863ರಲ್ಲಿ ಗಂಡಸರ ಹಾಗೂ ಹುಡುಗರ ಬಟ್ಟೆಗಳಿಂದ ಆರಂಭಿಸಿ, ಇಟಲಿಯ ದೇಶಭಕ್ತ ಗರಿಬಾಲ್ಡಿಯ ಹೆಸರು ಹೊತ್ತ ಬಾಲಕರ ಉಡುಪಿನಿಂದ ಖ್ಯಾತಿ ಪಡೆದು, ಮಾರನೆಯ ವರ್ಷ ನ್ಯೂಯಾರ್ಕಿನಲ್ಲಿ ಕಚೇರಿ ತೆರೆದು, 1866ರ ವೇಳೆಗೆ ಸ್ತ್ರೀಯರ ಉಡುಪುಗಳಿಗೆ ಕೈಹಾಕಿದನು. ಈ ಯಶಸ್ಸು ಏಕವ್ಯಕ್ತಿಯ ಪ್ರತಿಭೆಯಿಂದ ಮಾತ್ರ ಬಂದುದಲ್ಲ. ಎಲಿಯಾಸ್ ಹೋವ್ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ಹೊಲಿಗೆಯಂತ್ರಕ್ಕೆ ಸನ್ನದು ಪಡೆದಿದ್ದರು. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮೇಲೆ ಯಂತ್ರ ಮಾರುವ ಪದ್ಧತಿಯನ್ನು ತಂದಿದ್ದನು. ಯಂತ್ರ ಕೊಂಡ ಮನೆಗೆ ಹೊಲಿಯುವ ವೇಗ ದೊರೆಯಿತೇ ಹೊರತು ಕತ್ತರಿಸುವ ವಿದ್ಯೆ ದೊರೆಯಲಿಲ್ಲ. ಆ ಕೊರತೆಯನ್ನು ಬಟರಿಕ್‌ನ ಕಾಗದ ತುಂಬಿತು, ಮತ್ತು ಮಡಿಸಿದರೆ ತೂಕವೇ ಇಲ್ಲದ ಆ ತೆಳುಹಾಳೆಯನ್ನು ಅಂಚೆಯು ದೇಶದ ಮೂಲೆ ಮೂಲೆಗೂ ಸುಲಭವಾಗಿ ಒಯ್ದಿತು.

ಈಗ ಆ ಕಾಗದವನ್ನೇ ಸಮೀಪದಿಂದ ನೋಡಬೇಕು, ಏತಕ್ಕೆಂದರೆ ಈ ಚರಿತ್ರೆಯ ಸಾರವೆಲ್ಲ ಇಲ್ಲಿದೆ. 19ನೆಯ ಶತಮಾನದ ಮಾದರಿಯ ತುಂಡುಗಳ ಮೇಲೆ ಒಂದು ಅಕ್ಷರವೂ ಇಲ್ಲ, ಒಂದು ಗೆರೆಯೂ ಇಲ್ಲ. ಇರುವುದು ಅಂಚಿನ ಕಚ್ಚುಗಳು ಮತ್ತು ಮೈಯಲ್ಲಿ ತೂತುಗಳು ಮಾತ್ರ; ದೊಡ್ಡ ತೂತುಗಳ ಸಾಲು ಬಟ್ಟೆಯ ಹಾಸಿನ ಎಳೆಗೆ ಸಮನಾಗಿರಬೇಕೆಂದೋ, ಮಡಿಕೆಯ ಮೇಲೆ ಇರಿಸತಕ್ಕದ್ದೆಂದೋ ಸೂಚಿಸಿದರೆ, ಸಣ್ಣ ತೂತುಗಳು ಡಾರ್ಟು, ನೆರಿಗೆ, ಜೇಬುಗಳ ಸ್ಥಾನವನ್ನು ತೋರಿಸುತ್ತವೆ, ಅದರಲ್ಲಿಯೂ ಒಂದೊಂದು ಸಂಸ್ಥೆಯದು ಒಂದೊಂದು ಸಂಕೇತ. ಜೊತೆಗೆ ಅಂಟಿಸಿದ ಚೀಟಿಯಲ್ಲಿ ಒಂದು ಚಿತ್ರ ಮತ್ತು ಕೆಲವೇ ಸಾಲುಗಳ ಸೂಚನೆ. ಕಾಲರನ್ನು ಹೇಗೆ ಕೂಡಿಸಬೇಕು, ಅಸ್ತರನ್ನು ಯಾವಾಗ ಸೇರಿಸಬೇಕು, ತೋಳಿನ ಹೆಚ್ಚುವರಿ ಸಡಿಲವನ್ನು ಬಗಲಿನ ಸುತ್ತಿಗೆ ಹೇಗೆ ಒಗ್ಗಿಸಬೇಕು ಎಂಬ ವಿಷಯವಾಗಿ ಒಂದು ಮಾತೂ ಇಲ್ಲ. ಹೊಲಿಗೆಗೆಂದು ಬಿಡುವ ಅಂಚು ಆ ಕಾಗದದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಚೀಟಿಯಿಂದಲೇ ತಿಳಿಯಬೇಕು. ಇದನ್ನು ತಯಾರಕರ ಅಲಕ್ಷ್ಯವೆಂದು ಭಾವಿಸುವವರುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕೊಳ್ಳುವವಳಿಗೆ ಇದೆಲ್ಲ ತಾಯಿಯಿಂದಲೂ ಶಾಲೆಯಿಂದಲೂ ಕರಗತವಾಗಿರುತ್ತದೆಂಬ ದೃಢವಾದ ನಂಬಿಕೆ ಆ ಮೌನದಲ್ಲಿದೆ. ಆಕೆ ಏನನ್ನು ಬಲ್ಲವಳಾಗಿದ್ದಳೆಂಬುದನ್ನು ಯಾವ ದಿನಚರಿಯೂ ಬರೆದಿಡಲಿಲ್ಲ. ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಆದಕಾರಣ ಈ ಅಕ್ಷರಹೀನ ಕಾಗದವೇ ಆಕೆಯ ವಿದ್ಯೆಗೆ ಸಾಕ್ಷಿ.

ಮೌನ ಮುರಿದುದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ಬಟರಿಕ್ ಸಂಸ್ಥೆ, ತಾನು 1873ರಿಂದ ನಡೆಸುತ್ತಿದ್ದ ‘ಡೆಲಿನಿಯೇಟರ್’ ಪತ್ರಿಕೆಯ ಹೆಸರನ್ನು ಸಂಕ್ಷೇಪಿಸಿ ‘ಡೆಲ್ಟರ್’ ಎಂಬ ವಿಸ್ತಾರವಾದ ಸೂಚನಾಪತ್ರವನ್ನು ಪ್ರತಿಯೊಂದು ಮಾದರಿಯ ಜೊತೆಗೂ ಸೇರಿಸಿತು. ಸ್ಕಾಟ್ಲೆಂಡ್ ಮೂಲದ ದರ್ಜಿ ಜೇಮ್ಸ್ ಮೆಕಾಲ್ 1870ರಲ್ಲಿ ಸ್ಥಾಪಿಸಿದ್ದ ಸಂಸ್ಥೆ, 1920ರ ಸುಮಾರಿಗೆ ಗೆರೆಗಳನ್ನೂ ಹೆಸರುಗಳನ್ನೂ ಕಾಗದದ ಮೇಲೆಯೇ ಮುದ್ರಿಸತೊಡಗಿತು. ಉಳಿದ ಸಂಸ್ಥೆಗಳು ಬಹುಕಾಲ ತೂತಿನ ಮಾದರಿಗಳನ್ನೇ ಮುಂದುವರಿಸಿ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಂದೊಂದಾಗಿ ಮುದ್ರಣಕ್ಕೆ ಬಂದವು. ಅಲ್ಲಿಂದಾಚೆಗೆ ದಶಕ ದಶಕಕ್ಕೂ ಸೂಚನಾಪತ್ರ ಉದ್ದವಾಗುತ್ತ ಹೋದುದನ್ನು ನೋಡಿದರೆ, ಮನೆಯಲ್ಲಿ ಹೇಳಿಕೊಡುವವರು ಕಡಿಮೆಯಾದಷ್ಟೂ ಕಾಗದ ಹೆಚ್ಚು ಮಾತನಾಡಬೇಕಾಯಿತೆಂಬುದು ತಾನಾಗಿ ತಿಳಿಯುತ್ತದೆ.

ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1927ರಲ್ಲಿ ಹುಟ್ಟಿದ ಸಿಂಪ್ಲಿಸಿಟಿ ಸಂಸ್ಥೆ ಹದಿನೈದು ಸೆಂಟಿಗೆ ಮಾದರಿ ಮಾರಿ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಬಡವರ ಮನೆಗಳನ್ನು ಮುಟ್ಟಿತು. ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ಪಡಿತರ ಬಂದು, ಮೊದಲ ವರ್ಷ ತಲೆಗೆ 66 ಕೂಪನ್ನುಗಳೆಂದು ನಿಗದಿಯಾಗಿ, ಒಂದು ಉಣ್ಣೆಯ ನಿಲುವಂಗಿಗೇ 11 ಕೂಪನ್ನು ತೆರಬೇಕಾಗಿ ಬಂದಾಗ, ಹಳೆಯದನ್ನು ಬಿಚ್ಚಿ ಹೊಸದು ಮಾಡುವುದು ಸರ್ಕಾರವೇ ಪ್ರಚಾರ ಮಾಡಿದ ದೇಶಸೇವೆಯಾಯಿತು. ಜರ್ಮನಿಯ ಆಫೆನ್‌ಬುರ್ಗ್ ಪಟ್ಟಣದಿಂದ ಏನ್ನೆ ಬುರ್ಡಾ 1950ರಲ್ಲಿ ಆರಂಭಿಸಿದ ಪತ್ರಿಕೆ, ಒಂದರ ಮೇಲೊಂದು ಹಾಯುವ ಗೆರೆಗಳ ಪದ್ಧತಿಯನ್ನೇ ಮತ್ತೆ ಜೀವಂತಗೊಳಿಸಿ, 1987ರಲ್ಲಿ ರಷ್ಯನ್ ಭಾಷೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಪ್ರವೇಶಿಸಿತು.

ಇಂದು ಹಳೆಯ ಮಾದರಿಯಿಂದ ತನ್ನ ಉಡುಪನ್ನು ತಾನೇ ಹೊಲಿದುಕೊಳ್ಳುವವರು ಮೊದಲು ಕಲಿಯುವುದು, ಲಕೋಟೆಯ ಮೇಲಿನ ಅಳತೆಯ ಸಂಖ್ಯೆಯನ್ನು ನಂಬಬಾರದೆಂಬುದನ್ನು. 1960ರ ದಶಕದ ಮೊದಲ ಭಾಗದಲ್ಲಿ 34 ಅಂಗುಲದ ಎದೆಗೆ 14ನೆಯ ಅಳತೆಯಾಗಿದ್ದುದು, 1967ರ ಸುಮಾರಿಗೆ ಸಂಸ್ಥೆಗಳು ಸಿದ್ಧ ಉಡುಪುಗಳ ಕ್ರಮಕ್ಕೆ ಹತ್ತಿರವಾಗಿ ಅಳತೆಗಳನ್ನು ತಿದ್ದಿದ ಮೇಲೆ, 12ನೆಯದಾಯಿತು. ಆಮೇಲೆ, ಮೂಲ ಹಾಳೆಗೆ ಕತ್ತರಿ ತಾಗಿಸದೆ ಬೇರೆ ಕಾಗದದ ಮೇಲೆ ನಕಲು ತೆಗೆದು, ಅಗ್ಗದ ಕೋರಾ ಬಟ್ಟೆಯಲ್ಲಿ ಒಮ್ಮೆ ಕಚ್ಚಾ ಹೊಲಿದು ತೊಟ್ಟು ನೋಡಬೇಕು. ಹೀಗೆ ತೊಟ್ಟು ನೋಡುವ ಘಳಿಗೆಯಲ್ಲಿಯೇ ಯಾವ ಚಿತ್ರವೂ ಹೇಳದಿದ್ದ ಸಂಗತಿಗಳು ಹೊರಬೀಳುತ್ತವೆ. 1930 ಮತ್ತು 40ರ ದಶಕಗಳ ಅನೇಕ ಮಾದರಿಗಳಲ್ಲಿ ಬಗಲಿನ ಸುತ್ತು ಚಿಕ್ಕದಾಗಿಯೂ ಎತ್ತರವಾಗಿಯೂ ಇರುತ್ತದೆ. ಕಾಗದವನ್ನು ನೋಡಿದರೆ ಉಸಿರು ಕಟ್ಟಿಸುವಂತೆ ತೋರುವ ಈ ಕ್ರಮ, ತೊಟ್ಟು ತೋಳೆತ್ತಿದಾಗ ಉಡುಪಿನ ಮೈಯನ್ನು ಅಲುಗಿಸದೆ ಇದ್ದಲ್ಲಿಯೇ ಇರಿಸಿ, ಬಟ್ಟೆ ಒಣಹಾಕುವ, ಮಗುವನ್ನು ಎತ್ತಿಕೊಳ್ಳುವ ಹೆಂಗಸಿಗೆ ಪೂರ್ಣ ಸ್ವಾತಂತ್ರ್ಯವನ್ನು ಕೊಡುತ್ತದೆ. ನಮ್ಮಲ್ಲಿ ರವಿಕೆ ಹೊಲಿಯುವ ದರ್ಜಿಗಳು ಈ ಮರ್ಮವನ್ನು ಚೆನ್ನಾಗಿ ಬಲ್ಲರು. ಅಂತೆಯೇ ಎಡಪಕ್ಕೆಯಲ್ಲಿ ಟಿಚ್ ಗುಂಡಿಗಳಿಂದ ಮುಚ್ಚುವ ಸೀಳು, 36 ಅಂಗುಲ ಪನ್ನದ ಬಟ್ಟೆಗೆ ಹೊಂದುವಂತೆ ಲಂಗವನ್ನು ಹಲವು ತುಂಡುಗಳಾಗಿ ಒಡೆದಿರುವುದು, ಇವು ಶೋಭೆಗೆ ಮಾತ್ರ ಆದುವಲ್ಲ, ಅಂದಿನ ಮಗ್ಗ ಮತ್ತು ಅಂಗಡಿಗಳು ವಿಧಿಸಿದ ನಿಯಮಗಳು.

ಮಾದರಿಗಳ ಕಾಲನಿರ್ಣಯ ಪ್ರತ್ಯೇಕ ಶಾಸ್ತ್ರವೇ ಆಗಿದೆ, ಏಕೆಂದರೆ ನಾಳೆ ಹಳತಾಗುವ ಸರಕಿನ ಮೇಲೆ ಯಾವ ವ್ಯಾಪಾರಿಯೂ ಇಸವಿಯನ್ನು ಅಚ್ಚು ಹಾಕಿಸಲಿಚ್ಛಿಸುವುದಿಲ್ಲ. ರಂಗಭೂಮಿಯ ವೇಷಭೂಷಣಗಳಿಗಾಗಿ ಹಳೆಯ ಮಾದರಿಗಳನ್ನು ಕೂಡಿಟ್ಟ ಬೆಟ್ಟಿ ವಿಲಿಯಮ್ಸ್, ಮತ್ತು ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಆ ಸಂಗ್ರಹವನ್ನು ಬೆಳೆಸಿದ ಜಾಯ್ ಸ್ಪಾನಬೆಲ್ ಎಮರಿ, ಇವರಿಬ್ಬರ ಪರಿಶ್ರಮದಿಂದ ಸಂಖ್ಯೆ, ಬೆಲೆ, ಲಕೋಟೆಯ ವಿನ್ಯಾಸ, ಪತ್ರಿಕೆಗಳ ಜಾಹೀರಾತುಗಳನ್ನು ಹೋಲಿಸಿ ಒಂದೊಂದು ಮಾದರಿಯ ವರ್ಷವನ್ನು ಗೊತ್ತುಪಡಿಸುವ ಕ್ರಮ ರೂಪುಗೊಂಡಿತು. ಎಮರಿಯವರು ಈ ಉದ್ಯಮದ ಸಮಗ್ರ ಚರಿತ್ರೆಯನ್ನು 2014ರಲ್ಲಿ ಪ್ರಕಟಿಸಿದರು.

ನಮ್ಮ ನಾಡಿನಲ್ಲಿ ಲಕೋಟೆಯ ಮಾದರಿ ಬೇರೂರಲಿಲ್ಲ. ಹೊಲಿಗೆಯಂತ್ರ ಬೇರೂರಿತು, ಯಂತ್ರಗಳ ವಿಷಯದಲ್ಲಿ ಅಷ್ಟು ಸಂದೇಹವಿದ್ದ ಗಾಂಧೀಜಿಯವರೇ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಆದರೆ ಸೀರೆಗೆ ಕತ್ತರಿಯೇ ಬೇಡ. ರವಿಕೆಗೆ ಅಳತೆಯೆಂದು ಚೆನ್ನಾಗಿ ಕೂತ ಹಳೆಯ ರವಿಕೆಯನ್ನೇ ದರ್ಜಿಯ ಕೈಗಿತ್ತರೆ ಸಾಕು. ಮಹಿಳಾ ಸಮಾಜಗಳ ಹೊಲಿಗೆ ತರಗತಿಗಳಲ್ಲಿ ಕಲಿಸುತ್ತಿದ್ದುದು ಸಹ ಸಿದ್ಧವಾದ ಮಾದರಿಯನ್ನಲ್ಲ, ಎದೆಯ ಸುತ್ತಳತೆಯ ನಾಲ್ಕನೆಯ ಒಂದು ಭಾಗ ಇಷ್ಟು, ಅದಕ್ಕೆ ಸಡಿಲ ಇಷ್ಟು ಎಂಬ ಸೂತ್ರವನ್ನು. ಆ ಸೂತ್ರದಂತೆ ಗೆರೆ ಎಳೆದುದು ಹಳೆಯ ವೃತ್ತಪತ್ರಿಕೆಯ ಹಾಳೆಯ ಮೇಲೆ. ಪಾಶ್ಚಾತ್ಯ ಮಾದರಿಗೆ ಇಲ್ಲದ ಒಂದು ಗುಣ ಈ ಹಾಳೆಗಳಿಗೆ ಅನಾಯಾಸವಾಗಿ ಪ್ರಾಪ್ತವಾಗಿದೆ: ರವಿಕೆಯ ಬೆನ್ನಿನ ತುಂಡಿನ ಮೂಲೆಯಲ್ಲಿ ದಿನಾಂಕ ಉಳಿದಿದ್ದರೆ, ಅದನ್ನು ಆ ದಿನಕ್ಕಿಂತ ಮುಂಚೆ ಕತ್ತರಿಸಿರಲು ಸಾಧ್ಯವಿಲ್ಲ.

ಸಂಗ್ರಾಹಕರು ಇಂದು ಅತ್ಯಧಿಕ ಬೆಲೆ ಕೊಡುವುದು ಕಾರ್ಖಾನೆಯ ಮಡಿಕೆ ಸಹ ಬಿಚ್ಚದ, ಯಾರೂ ಬಳಸದ ಮಾದರಿಗೆ. ಈ ರೂಢಿಯ ವಿರುದ್ಧ ನಾನು ವಾದಿಸಬಯಸುತ್ತೇನೆ. ಜಾನೆಟ್ ಆರ್ನಾಲ್ಡ್ 1964ರಿಂದ ಪ್ರಕಟಿಸುತ್ತ ಬಂದ ಸಂಪುಟಗಳಲ್ಲಿ, ಉಳಿದಿರುವ ಉಡುಪುಗಳ ತೇಪೆ, ಬಿಚ್ಚಿ ಮತ್ತೆ ಹೊಲಿದ ಗುರುತು ಇವನ್ನೂ ಬಿಡದೆ ದಾಖಲಿಸಿದಂತೆ, ಬಳಸಿದ ಮಾದರಿಗಳ ಮೇಲಿನ ಕೈಗುರುತುಗಳನ್ನೂ ದಾಖಲಿಸಬೇಕು. ಟೊಂಕದ ಗೆರೆಯನ್ನು ಒಂದಂಗುಲ ಕೆಳಗಿಳಿಸಿ ಕಾಗದವನ್ನು ಅಂಟಿಸಿರುವುದು, ಎಡಭುಜಕ್ಕೆ ಮಾತ್ರ ಕಾಲಂಗುಲ ಕೂಡಿಸಿರುವುದು, ತೋಳಿನ ತುಂಡಿನ ಮೇಲೆ ಪೆನ್ಸಿಲಿನಿಂದ ಮಗಳ ಹೆಸರನ್ನು ಬರೆದಿರುವುದು, ಗುಂಡುಸೂಜಿಯ ತುಕ್ಕಿನ ಕಲೆ ಒಂದೇ ಜಾಗದಲ್ಲಿ ಹಲವು ಸಲ ಬಿದ್ದಿರುವುದು: ಇವುಗಳಿಂದ ಆ ಮಾದರಿಯನ್ನು ಎಷ್ಟು ಮಂದಿಗೆ, ಎಂಥ ಮೈಗಳಿಗೆ ಹೊಲಿಯಲಾಯಿತೆಂಬುದು ತಿಳಿಯುತ್ತದೆ, ಮತ್ತು ಸಂಸ್ಥೆಯ ಅಳತೆಪಟ್ಟಿ ಎಲ್ಲಿ ತಪ್ಪಿತ್ತೋ ಅಲ್ಲಿ ಹೊಲಿಯುವವಳು ಅದನ್ನು ಹೇಗೆ ತಿದ್ದಿದಳೆಂಬುದೂ ತಿಳಿಯುತ್ತದೆ. ಸಂಗ್ರಹಗಳ ಸೂಚಿಯಲ್ಲಿ ಸಂಖ್ಯೆ, ವರ್ಷ, ಬೆಲೆಗಳ ಪಕ್ಕದಲ್ಲಿ ಈ ತಿದ್ದುಪಡಿಗಳಿಗೂ ಒಂದು ಅಂಕಣವಿರುವುದು ಆವಶ್ಯಕ.